ಕಾರ್ಡ್ ಕನ್ನಡದ್ದು, ತವರು ಗಡಿಯಾಚೆ

ಬೆಳಗಾವಿ ಜಿಲ್ಲೆಯಲ್ಲಿ ಬಸುರಿಯರಿಗೆ ಔಷಧಿ ಕೊಟ್ಟು ಪ್ರಯೋಗ ಮಾಡುತ್ತಾರಂತೆ, ಹಳ್ಳಿ ಜನ ಅದಕ್ಕೆ ಹೇಗೆ ಒಪ್ಪುತ್ತಾರೆ ಅಂತ ಕೇಳಿದಿರಿ. ನಿಮ್ಮ ಮಾತಿನಲ್ಲಿ ಸ್ವಲ್ಪ ಗಾಬರಿ ಇತ್ತು. ಅದು ತಪ್ಪಲ್ಲ, ಮೊದಲ ಸಲ ಕೇಳಿದಾಗ ನನಗೂ ಹಾಗೇ ಆಗಿತ್ತು. ನಡೆದದ್ದು ಏನು ಅಂತ ಮೊದಲು ಹೇಳಿಬಿಡುತ್ತೇನೆ.

ಇಪ್ಪತ್ತು ವರ್ಷದ ಹಿಂದೆ ನಮ್ಮ ಕಡೆ ಎಷ್ಟೋ ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದವು. ಕೂಸು ಹುಟ್ಟಿದ ಮೇಲೆ ಗರ್ಭಕೋಶ ಬಿಗಿಯಾಗಿ ಮುದುಡಿಕೊಳ್ಳಬೇಕು. ಮುದುಡದಿದ್ದರೆ ರಕ್ತ ನಿಲ್ಲುವುದಿಲ್ಲ. ಒಂದೆರಡು ತಾಸಿನಲ್ಲಿ ತಾಯಿಯ ಜೀವವೇ ಹೋಗಬಹುದು. ಅದನ್ನು ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ ಆಗಲೂ ಇತ್ತು. ಆದರೆ ಅದನ್ನು ತಂಪಿನಲ್ಲಿ ಇಡಬೇಕು. ರಾತ್ರಿ ಹೊತ್ತು ತೋಟದ ಮನೆಗೆ ಬರುವ ನರ್ಸಬಾಯಿಯ ಚೀಲದಲ್ಲಿ ಅದು ಇರುತ್ತಿರಲಿಲ್ಲ.

ಬೆಳಗಾವಿಯ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಇದಕ್ಕೇ ಕೈ ಹಾಕಿದರು. ಮಿಸೊಪ್ರೊಸ್ಟಾಲ್ ಅಂತ ಒಂದು ಮಾತ್ರೆ ಇದೆ. ಫ್ರಿಜ್ ಬೇಡ, ಸೂಜಿ ಬೇಡ, ನುಂಗಿದರೆ ಸಾಕು. 2002ರಿಂದ 2005ರವರೆಗೆ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ 1620 ತಾಯಂದಿರ ಜೊತೆ ಇದನ್ನು ಪರೀಕ್ಷಿಸಿದರು. ಹೆರಿಗೆ ಆದ ಕೂಡಲೇ ಅರ್ಧದಷ್ಟು ಜನಕ್ಕೆ ಈ ಮಾತ್ರೆ, ಉಳಿದವರಿಗೆ ನೋಡಲು ಅದೇ ತರಹದ, ಮದ್ದಿಲ್ಲದ ಮಾತ್ರೆ. ಕೊಟ್ಟವರು ನಮ್ಮ ನರ್ಸಬಾಯಿಯರೇ. ಮದ್ದಿಲ್ಲದ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 12 ಮಂದಿಗೆ ಅತಿಯಾದ ರಕ್ತಸ್ರಾವ ಆಯಿತು. ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ ಅದು 6.4ಕ್ಕೆ ಇಳಿಯಿತು. 2006ರಲ್ಲಿ ಇದು 'ಲ್ಯಾನ್ಸೆಟ್' ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯರ ರಕ್ತಸ್ರಾವ ತಡೆಯಲು ಈ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಮದ್ದಿಲ್ಲದ ಮಾತ್ರೆ ಕೊಟ್ಟದ್ದು ಸರಿಯೇ? ಈ ಪ್ರಶ್ನೆ ನನ್ನನ್ನೂ ಕಾಡಿದೆ. ಆಗ ಮನೆ ಹೆರಿಗೆಯಲ್ಲಿ ರಕ್ತಸ್ರಾವ ತಡೆಯೋ ಔಷಧಿಯೇ ಸಿಗುತ್ತಿರಲಿಲ್ಲ. ಹಾಗಾಗಿ ಇದ್ದದ್ದನ್ನು ಯಾರಿಂದಲೂ ಕಿತ್ತುಕೊಂಡಂತಾಗಲಿಲ್ಲ ಅನ್ನುವುದು ಒಂದು ಉತ್ತರ. ನಾನು ಅದನ್ನು ಒಪ್ಪುತ್ತೇನೆ. ಆದರೂ ಆ ನೂರರಲ್ಲಿ ಹನ್ನೆರಡು ಮಂದಿ ನಮ್ಮ ಊರುಗಳ ಹೆಣ್ಣುಮಕ್ಕಳು. ಅವರ ರಕ್ತವನ್ನು ಅಳೆದೇ ಎಲ್ಲರಿಗೂ ಉತ್ತರ ಸಿಕ್ಕಿದ್ದು.

ಅಳೆದ ರೀತಿಯನ್ನೂ ಹೇಳಬೇಕು, ಯಾಕೆಂದರೆ ನನಗೆ ಮಾತ್ರೆಗಿಂತ ಅದೇ ದೊಡ್ಡದು ಅನ್ನಿಸುತ್ತದೆ. ಹೆರಿಗೆಯಲ್ಲಿ ಎಷ್ಟು ರಕ್ತ ಹೋಯಿತು ಅಂತ ಎಲ್ಲರೂ ಕಣ್ಣಂದಾಜಿನಲ್ಲೇ ಹೇಳುತ್ತಿದ್ದರು. ನಮ್ಮ ಅಜ್ಜಿಯರು ನೆನೆದ ಬಟ್ಟೆ ಎಣಿಸುತ್ತಿದ್ದರು. ಈ ಸಂಶೋಧಕರು ತಾಯಿಯ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದರು. ಅದರ ತುದಿಗೆ ಅಳತೆಯ ಗೆರೆ ಇರುವ ಚೀಲ. ಆಮೇಲೆ ಕಣ್ಣಂದಾಜಿಗೂ ಚೀಲಕ್ಕೂ ಹೋಲಿಸಿ ನೋಡಿದರೆ, ಕಣ್ಣು ಸುಮಾರು ಮೂರನೇ ಒಂದು ಭಾಗ ಕಡಿಮೆ ಹೇಳುತ್ತಿತ್ತು! ಅರ್ಧ ಲೀಟರ್ ದಾಟಿದರೆ ಅಪಾಯ ಅಂತ ಪುಸ್ತಕದಲ್ಲಿದೆ. ದಾಟಿದ್ದೇ ಗೊತ್ತಾಗದಿದ್ದರೆ ಗಾಡಿ ಕರೆಯುವುದು ಯಾವಾಗ?

ಆಮೇಲೂ ಕೆಲಸ ನಿಲ್ಲಲಿಲ್ಲ. ಚೊಚ್ಚಲ ಬಸುರಿಯರಿಗೆ ಆರಂಭದ ತಿಂಗಳುಗಳಿಂದಲೇ ದಿನಾ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟರೆ ಅವಧಿಗೆ ಮುಂಚಿನ ಹೆರಿಗೆ ಸ್ವಲ್ಪ ಕಡಿಮೆಯಾಗುತ್ತದೆ ಅಂತ 2020ರಲ್ಲಿ ಗೊತ್ತಾಯಿತು. ಹೆರಿಗೆ ನೋವಿನ ಹೊತ್ತಿನಲ್ಲಿ ಒಂದೇ ಸಲ ಅಜಿತ್ರೊಮೈಸಿನ್ ನುಂಗಿಸಿದರೆ ತಾಯಿಗೆ ನಂಜೇರುವುದು ಕಡಿಮೆ ಅಂತ 2023ರಲ್ಲಿ. ಎರಡೂ ಹಲವು ದೇಶಗಳಲ್ಲಿ ನಡೆದ ಅಧ್ಯಯನ. ಭಾರತದಿಂದ ಬೆಳಗಾವಿ, ನಾಗಪುರ ಎರಡೂ ಸೇರಿದ್ದವು.

ಈಗ ಮಹಾರಾಷ್ಟ್ರ ಗಡಿಯ ವಿಷಯಕ್ಕೆ ಬರುತ್ತೇನೆ, ಇದು ಹೊರಗಿನವರಿಗೆ ತಿಳಿಯುವುದು ಕಷ್ಟ. ನಮ್ಮದು ಚಿಕ್ಕೋಡಿ ಕಡೆಯ ಹಳ್ಳಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಜಾಸ್ತಿ ಮರಾಠಿ. ಹೆಣ್ಣು ಕೊಡುವಾಗ ತರುವಾಗ ಯಾರೂ ರಾಜ್ಯ ನೋಡುವುದಿಲ್ಲ. ನನ್ನ ತಮ್ಮನ ಹೆಂಡತಿಯ ತವರು ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ಹತ್ತಿರ. ಏಳನೇ ತಿಂಗಳಲ್ಲಿ ಕುಬಸ ಆಯಿತು, ಅವರಪ್ಪ ಬಂದು ಕರೆದುಕೊಂಡು ಹೋದರು. ಬಸುರಿಯ ತಪಾಸಣೆ ಬರೆದಿಡುವ 'ತಾಯಿ ಕಾರ್ಡ್' ಆಕೆಯ ಜೊತೆಗೇ ಹೋಯಿತು. ಅದರಲ್ಲಿ ಹಿಮೋಗ್ಲೋಬಿನ್ 8.4 ಅಂತ ಬರೆದಿತ್ತು. ಕೆಳಗೆ ಕನ್ನಡದಲ್ಲಿ ಒಂದು ಸಾಲು: ರಕ್ತ ಕಡಿಮೆ ಇದೆ, ದೊಡ್ಡ ಆಸ್ಪತ್ರೆಯಲ್ಲೇ ಹೆರಿಗೆ ಆಗಲಿ. ಅಲ್ಲಿಯ ಸಿಸ್ಟರ್‌ಗೆ ಅಂಕಿ ಅರ್ಥವಾಯಿತು, ಸಾಲು ಆಗಲಿಲ್ಲ. ಬೀಗರ ಮನೆಯವರು ಚೆನ್ನಾಗಿ ಕನ್ನಡ ಮಾತಾಡುತ್ತಾರೆ, ಆದರೆ ಓದಿದ್ದು ಮರಾಠಿ ಶಾಲೆಯಲ್ಲಿ. ಕಡೆಗೆ ಫೋಟೋ ತೆಗೆದು ಕಳಿಸಿದರು. ನನ್ನ ತಮ್ಮ ಫೋನಿನಲ್ಲೇ ಸಿಸ್ಟರ್‌ಗೆ ಮರಾಠಿಯಲ್ಲಿ ಓದಿ ಹೇಳಿದ. ಹೆರಿಗೆ ಸುಸೂತ್ರವಾಯಿತು. ತಮ್ಮ ಆವತ್ತು ಫೋನ್ ಎತ್ತದೇ ಇದ್ದಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಸಂಶೋಧಕರಿಗೂ ಇಂಥದೇ ಕಷ್ಟ. ಬಸುರಿಯ ಹೆಸರು ಬರೆದುಕೊಂಡರೆ ಸಾಲದು, ಹೆರಿಗೆಯಾದ 42ನೇ ದಿನದವರೆಗೆ ತಾಯಿ-ಮಗು ಹೇಗಿದ್ದಾರೆ ಅಂತ ನೋಡಬೇಕು. ಆ 42 ದಿನವೂ ಬಾಣಂತಿ ತವರಲ್ಲೇ ಇರುತ್ತಾಳೆ, ಅಲ್ವಾ? ಆ ತವರು ಬೇರೆ ರಾಜ್ಯದಲ್ಲಿದ್ದರೆ ಹುಡುಕಿಕೊಂಡು ಹೋಗುವವರು ಯಾರು? ಹೆರಿಗೆ ಆದ ಮೇಲಿನ ಮೊದಲ ವಾರವೇ ತಾಯಂದಿರಿಗೆ ಗಂಡಾಂತರದ ಹೊತ್ತು. ಸರಿಯಾಗಿ ಆ ವಾರವೇ ನಮ್ಮ ಹೆಣ್ಣುಮಕ್ಕಳು ಇಲ್ಲಿಯ ಆಶಾ ಕಾರ್ಯಕರ್ತೆಯ ಕಣ್ಣಿಂದ ದೂರ ಇರುತ್ತಾರೆ.

2018–20ರ ಸರ್ಕಾರಿ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಹೆರಿಗೆಗೆ ಕರ್ನಾಟಕದಲ್ಲಿ 69 ತಾಯಂದಿರು ತೀರಿಕೊಂಡಿದ್ದರು, ಮಹಾರಾಷ್ಟ್ರದಲ್ಲಿ 33. ಈ ಅಂಕಿ ನೋಡಿದಾಗೆಲ್ಲ ನನಗೆ ನಮ್ಮ ಮನೆಯ ಕಾರ್ಡೇ ನೆನಪಾಗುತ್ತದೆ. ಆಚೆಯವರು ಏನು ಬೇರೆ ಮಾಡುತ್ತಿದ್ದಾರೆ ಅಂತ ಕೇಳಿ ಕಲಿಯಬೇಕು. ಅದಕ್ಕೂ ಮೊದಲು ಎರಡೂ ಕಡೆಯ ಸಿಸ್ಟರುಗಳು ಒಬ್ಬರ ಕಾರ್ಡನ್ನು ಇನ್ನೊಬ್ಬರು ಓದುವಂತಾಗಬೇಕು.

ಮೊನ್ನೆ ಪಕ್ಕದ ಮನೆಯ ಹುಡುಗಿ ಹೆರಿಗೆಗೆ ಅಂತ ಆಚೆ ಹೊರಟಳು. ನಮ್ಮ ಆಶಾ ಅಕ್ಕ ಅವಳ ಕಾರ್ಡ್ ಇಸಿದುಕೊಂಡು, ಕನ್ನಡದ ಸಾಲಿನ ಕೆಳಗೆ ಅದನ್ನೇ ಮರಾಠಿಯಲ್ಲಿ ಬರೆದು, ತಮ್ಮ ಫೋನ್ ನಂಬರನ್ನೂ ಹಾಕಿ ಕೊಟ್ಟರು.