ಬಿಗಿ ಇರುವುದು ಎಲ್ಲಿ?

ಅವರು ಆಪ್ತಸಲಹೆಗೆಂದು ಮೊದಲ ಸಲ ನನ್ನ ಬಳಿ ಬಂದಾಗ ಕೈಯಲ್ಲಿ ಜವಳಿ ಅಂಗಡಿಯ ಚೀಲವಿತ್ತು. ಒಳಗೆ ಬಟ್ಟೆಯಿರಲಿಲ್ಲ, ವೈದ್ಯಕೀಯ ವರದಿಗಳಿದ್ದವು: ಇಸಿಜಿ, ಥೈರಾಯ್ಡ್, ಸಕ್ಕರೆ, ಎಂಡೋಸ್ಕೋಪಿ. ಎಲ್ಲವೂ ಸರಿಯಾಗಿಯೇ ಇದ್ದವು. ಅದೇ ಅವರ ದೂರು. “ಏನೂ ಇಲ್ಲ ಎನ್ನುತ್ತಾರೆ ಮೇಡಂ. ಹಾಗಾದರೆ ಎದೆಯ ಮೇಲೆ ಕೂತಿರುವುದೇನು?”

ವಯಸ್ಸು ಐವತ್ತರ ಆಸುಪಾಸು, ತಾಲ್ಲೂಕು ಕೇಂದ್ರವೊಂದರಲ್ಲಿ ಹೊಲಿಗೆ ಅಂಗಡಿ. ಊರು ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ. ವೃತ್ತಿಯನ್ನು ಮಾತ್ರ ಅವರ ಒಪ್ಪಿಗೆ ಪಡೆದು ಹಾಗೆಯೇ ಉಳಿಸಿದ್ದೇನೆ, ಏಕೆಂದರೆ ನಾನು ಎಡವಿದಾಗ ಕೈಹಿಡಿದದ್ದು ಅವರ ವೃತ್ತಿಯೇ.

ರಾತ್ರಿ 3 ಗಂಟೆಗೆ ಎಚ್ಚರವಾಗುತ್ತಿತ್ತು. ಆಮೇಲೆ ನಿದ್ದೆಯಿಲ್ಲ. ಅಂಗಡಿಯಲ್ಲಿ ಕತ್ತರಿ ಹಿಡಿದರೆ ಕೈ ಓಡುತ್ತಿರಲಿಲ್ಲ. ಪಿಎಚ್‌ಕ್ಯೂ-9 ಎಂಬ ಖಿನ್ನತೆ ಅಳೆಯುವ ಪ್ರಶ್ನಾವಳಿಯಲ್ಲಿ 27ಕ್ಕೆ 13 ಅಂಕ ಬಂತು, ಎಂದರೆ ಮಧ್ಯಮ ಮಟ್ಟದ ಖಿನ್ನತೆ. ಅದರ ಒಂಬತ್ತನೆಯ ಪ್ರಶ್ನೆ ಸಾವಿನ ಆಲೋಚನೆಯ ಕುರಿತಾದದ್ದು. ಅದನ್ನು ನಾನು ಸುತ್ತಿ ಬಳಸಿ ಕೇಳುವುದಿಲ್ಲ. “ಇಲ್ಲ, ಹುಟ್ಟಲೇಬಾರದಿತ್ತು ಎನ್ನಿಸುತ್ತದೆ, ಅಷ್ಟೇ” ಎಂದರು. ಆ ‘ಅಷ್ಟೇ’ ನನಗೆ ಸಣ್ಣದೆನಿಸಲಿಲ್ಲ. ಹೆಂಡತಿಯನ್ನೂ ಒಳಗೆ ಕರೆದು ಮಾತನಾಡಿದೆ, ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಕರೆ ಮಾಡಬಹುದಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಇಬ್ಬರ ಮೊಬೈಲಿನಲ್ಲೂ ಹಾಕಿಸಿದೆ, ಮನೋವೈದ್ಯರಿಗೊಂದು ಚೀಟಿ ಬರೆದುಕೊಟ್ಟೆ.

ಅಲ್ಲಿಯವರೆಗೆ ಸರಿಯಿತ್ತು. ತಪ್ಪಿದ್ದು ಆಮೇಲೆ. ದೀರ್ಘ ಉಸಿರಾಟ ಹೇಳಿಕೊಟ್ಟೆ, ಮನಸ್ಸಿಗೆ ಬಂದ ಆಲೋಚನೆಗಳನ್ನು ಬರೆದಿಡುವ, ಏಳು ಕಾಲಮ್ಮುಗಳ ‘ಆಲೋಚನಾ ದಾಖಲೆ’ಯ ಹಾಳೆ ಕೊಟ್ಟು ತುಂಬಿಕೊಂಡು ಬರಲು ಹೇಳಿದೆ. ಮೂರು ವಾರ ಅವರ ಪತ್ತೆಯಿಲ್ಲ. ಹೆಂಡತಿಯ ಒತ್ತಾಯಕ್ಕೆ ಮತ್ತೆ ಬಂದಾಗ ಆ ಹಾಳೆ ಮಡಿಕೆ ಕೂಡ ಬಿಚ್ಚಿರಲಿಲ್ಲ. “‘ಸ್ವಯಂಚಾಲಿತ ಆಲೋಚನೆ’ ಅಂತೆ. ಬ್ಯಾಂಕಿನ ಅರ್ಜಿಯೇ ಇದಕ್ಕಿಂತ ವಾಸಿ” ಎಂದರು. ನ್ಯಾಯವಾದ ಮಾತು. ನಮ್ಮ ಕಸುಬಿನ ಕನ್ನಡ ಇನ್ನೂ ಅನುವಾದದ ಗಂಜಿ ಕುಡಿದೇ ಬದುಕುತ್ತಿದೆ.

“ನನ್ನ ಬಾಳೇ ಹಾಳಾಯಿತು” ಎಂದು ಮತ್ತೆ ಶುರು ಮಾಡಿದರು. ನಾನು ಮಾತು ತಿರುಗಿಸಿದೆ. “ಗಿರಾಕಿ ಬಂದು ಶರ್ಟ್ ಸರಿಯಾಗಿಲ್ಲ ಎಂದರೆ ಏನು ಮಾಡುತ್ತೀರಿ?”

“ಹಾಕಿಕೊಳ್ಳಿ, ನೋಡೋಣ ಎನ್ನುತ್ತೇನೆ. ಕಂಕುಳಲ್ಲಿ ಹಿಡಿಯುತ್ತಿದೆಯೋ, ಕತ್ತಿನಲ್ಲೋ. ಇಡೀ ಶರ್ಟ್ ಕೆಟ್ಟಿರುವುದು ಅಪರೂಪ. ಎಲ್ಲೋ ಒಂದು ಕಡೆ ಅರ್ಧ ಇಂಚು ಬಿಗಿ ಇರುತ್ತದೆ, ಅಷ್ಟಕ್ಕೇ ತೊಟ್ಟವನಿಗೆ ಉಸಿರು ಕಟ್ಟುತ್ತದೆ.”

“ನನ್ನ ಹತ್ತಿರ ಮಾತ್ರ ಇಡೀ ಶರ್ಟೇ ಕೆಟ್ಟಿದೆ ಎಂದು ಹೇಳುತ್ತಿದ್ದೀರಿ” ಎಂದೆ.

ಅವರು ನಗಲಿಲ್ಲ. ಬಹಳ ಹೊತ್ತು ನನ್ನನ್ನೇ ನೋಡಿದರು. ಮುಂದಿನ ವಾರ ಚೀಲದಲ್ಲಿ ವರದಿಗಳ ಬದಲು ಅಳತೆ ಪುಸ್ತಕವಿತ್ತು: ಕೆಂಪು ರಟ್ಟು, ಅಂಚಿಗೆಲ್ಲ ಸೀಮೆಸುಣ್ಣದ ಪುಡಿ. ಕೊನೆಯ ಪುಟದಲ್ಲಿ, ಗಿರಾಕಿಗಳ ಎದೆ, ಸೊಂಟ, ತೋಳು ಬರೆಯುವ ಹಾಗೆಯೇ ನಾಲ್ಕು ಸಾಲು ಬರೆದಿದ್ದರು. ಸಾಲ. ಮಗ. ಗಿರಾಕಿ. ಅಣ್ಣ.

ಪ್ರತಿ ಸಾಲಿನ ಮುಂದೆ ಅಳತೆ ಬರಬೇಕು, ‘ತುಂಬಾ’, ‘ಎಲ್ಲಾ’, ‘ಯಾವಾಗಲೂ’ ಎನ್ನುವ ಪದಗಳು ಬರಬಾರದು ಎಂದು ಸೂಚಿಸಿದೆ. ಸಾಲ ‘ನಾಲ್ಕು ಲಕ್ಷದ ಮೇಲೆ’ ಎಂದೇ ಅವರು ಎರಡು ವರ್ಷದಿಂದ ಹೇಳಿಕೊಂಡು ಬಂದಿದ್ದರು. ಹೆಂಡತಿಯನ್ನು ಕೂರಿಸಿಕೊಂಡು ಕೂಡಿಸಿದಾಗ ಬಂದದ್ದು 2,62,000. ಸಣ್ಣ ಮೊತ್ತವೇನಲ್ಲ. ಆದರೆ ಅದಕ್ಕೊಂದು ಅಂಚು ಬಂತು.

ಸಾಲದ ಲೆಕ್ಕಕ್ಕೆ ಆಪ್ತಸಲಹೆಗಾರರು ಕೈಹಾಕಬಾರದು ಎನ್ನುವ ಸಹೋದ್ಯೋಗಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ಕಂತು ವಸೂಲಿಯವನು ರಾತ್ರಿ 8 ಗಂಟೆಗೆ ಜಗಲಿಯ ಮೇಲೆ ಕೂತಿರುವಾಗ ಒಳಗಿದ್ದವನಿಗೆ ಉಸಿರು ಎಳೆದುಕೊಳ್ಳಲು ಹೇಳುವುದು ಒಂದು ಬಗೆಯ ಅವಮಾನ. ಕಿರುಸಾಲದ (ಮೈಕ್ರೋಫೈನಾನ್ಸ್) ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಬರುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ ಹೇಳಿತ್ತು. ಸಾಲಗಳ ಕಂತೆಲ್ಲ ಸೇರಿ ಮನೆಯ ತಿಂಗಳ ಆದಾಯದ ಶೇ. 50ನ್ನು ಮೀರದಂತೆ ನೋಡಿಕೊಂಡೇ ಸಾಲ ಕೊಡಬೇಕೆಂದೂ ಅದರಲ್ಲಿತ್ತು. ಇದನ್ನು ಅವರಿಗೆ ಓದಿ ಹೇಳಿದೆ. ವಸೂಲಿಯವನಿಗೆ ತಿಳಿಸಿದ್ದು ಅವರ ಹೆಂಡತಿ, ಜಗಳವಾಡದೆ, ಬಾಗಿಲಲ್ಲೇ ನಿಂತು. ಇದರ ನಡುವೆ ಯಾರೋ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳಿಗೆ ಶೇ. 5ರ ಬಡ್ಡಿಗೆ 1 ಲಕ್ಷ ಸಿಗುತ್ತದೆ ಎಂದು ಹೇಳಿಬಿಟ್ಟಿದ್ದರು. ಯೋಜನೆ ನಿಜ. ಸಾಲದಿಂದ ನಿದ್ದೆಗೆಟ್ಟವರು ಈಗಲೇ ಇನ್ನೊಂದು ಸಾಲಕ್ಕೆ ಕೈಯೊಡ್ಡುವುದು ಬೇಡ, ಆರು ತಿಂಗಳು ತಡೆಯಿರಿ ಎಂದೆ.

ಮಗನ ಸಾಲಿನ ಮುಂದೆ ‘ಫೇಲ್, ಮಾನ ಹೋಯಿತು’ ಎಂದಿತ್ತು. ಅಳತೆ ಕೇಳಿದರೆ: ದ್ವಿತೀಯ ಪಿಯುಸಿ ವಾಣಿಜ್ಯ, ಲೆಕ್ಕಶಾಸ್ತ್ರ ಒಂದೇ ವಿಷಯ. 2024ರಲ್ಲಿ ಬಂದ ವ್ಯವಸ್ಥೆಯಂತೆ ಆಗ ಪರೀಕ್ಷೆ-1, 2, 3 ಎಂದು ಮೂರು ಅವಕಾಶಗಳಿದ್ದದ್ದು ಮಗನಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲ. ಫಲಿತಾಂಶ ಬಂದ ದಿನದಿಂದ ಇಬ್ಬರೂ ಮಾತು ಬಿಟ್ಟಿದ್ದರು, ಗೊತ್ತಾಗುವುದಾದರೂ ಹೇಗೆ?

ನನಗೆ ಹೆಚ್ಚು ಪಾಠ ಕಲಿಸಿದ್ದು ಮೂರನೆಯ ಸಾಲು. ಹತ್ತು ವರ್ಷದ ಹಳೆಯ ಗಿರಾಕಿಯೊಬ್ಬರು ಅಂಗಡಿಗೆ ಬರುವುದನ್ನು ನಿಲ್ಲಿಸಿದ್ದರು. ಮಗ ಫೇಲಾದ, ಸಾಲವಾಯಿತು ಎಂದು ಊರೆಲ್ಲ ತಮ್ಮನ್ನು ಹಗುರವಾಗಿ ಕಾಣುತ್ತಿದೆ ಎಂಬುದಕ್ಕೆ ಇವರು ಕೊಡುತ್ತಿದ್ದ ಸಾಕ್ಷಿ ಅದು. ಹೋಗಿ ಕೇಳಿಬನ್ನಿ ಎಂದೆ. ಗಿರಾಕಿ ರೆಡಿಮೇಡ್ ಬಟ್ಟೆಗೆ ಹೋಗಿರಬೇಕು, ಇವರ ಅನುಮಾನ ಸುಳ್ಳಾಗುತ್ತದೆ ಎಂದು ಒಳಗೊಳಗೇ ನಂಬಿದ್ದೆ. ಹಾಗಾಗಲಿಲ್ಲ. ಆ ಮನುಷ್ಯ ಬೇರೆ ದರ್ಜಿಯ ಬಳಿ ಹೋಗುತ್ತಿದ್ದದ್ದು ನಿಜವೇ ಆಗಿತ್ತು. ಕಾರಣವನ್ನೂ ಮುಖಕ್ಕೇ ಹೇಳಿದರಂತೆ: “ಎರಡು ಸಲ ಹಬ್ಬಕ್ಕೆ ಬಟ್ಟೆ ಕೊಡಲಿಲ್ಲವಲ್ಲ ಮಾರಾಯ.”

ಇದನ್ನು ಹೇಳಲು ಬಂದಾಗ ಅವರ ಮುಖ ಕಂದಿತ್ತು, ಆದರೆ ಬೆನ್ನು ನೆಟ್ಟಗಿತ್ತು. ಆರನ್ ಬೆಕ್ ಎಂಬ ಅಮೆರಿಕದ ಮನೋವೈದ್ಯರು 1960ರ ದಶಕದಲ್ಲಿ ರೂಪಿಸಿದ, ನಾನು ಇಲ್ಲಿ ಅನುಸರಿಸಿದ ಅರಿವಿನ ಚಿಕಿತ್ಸೆಯನ್ನು (ಕಾಗ್ನಿಟಿವ್ ಥೆರಪಿ) ‘ಒಳ್ಳೆಯದನ್ನೇ ಯೋಚಿಸು’ ಎನ್ನುವ ಉಪದೇಶವೆಂದು ತಿಳಿದವರು ಬಹಳ ಮಂದಿ. ಅದು ಅನಿಸಿಕೆಯನ್ನು ಪರೀಕ್ಷೆಗೆ ಒಡ್ಡುವ ಕೆಲಸ, ಉತ್ತರ ಕಹಿಯಾಗಿಯೂ ಇರಬಹುದು. ಊರು ಹಗುರವಾಗಿ ಕಾಣುತ್ತಿದೆ ಎನ್ನುವುದಕ್ಕೆ ಅವರ ಬಳಿ ಮದ್ದಿರಲಿಲ್ಲ. ಬಟ್ಟೆ ತಡವಾಯಿತು ಎನ್ನುವುದಕ್ಕಿತ್ತು: ವಾರಕ್ಕೆ ಎಷ್ಟು ಜೊತೆ ಹೊಲಿಯಬಲ್ಲೆ ಎಂದು ಎಣಿಸಿ, ಅಷ್ಟನ್ನೇ ಒಪ್ಪಿಕೊಳ್ಳತೊಡಗಿದರು.

ರಾತ್ರಿಯ 3 ಗಂಟೆಗೆ ಬೇರೆಯೇ ಉಪಾಯ ಬೇಕಾಯಿತು. ಆ ಹೊತ್ತಿನಲ್ಲಿ ಯಾವ ಚಿಂತೆಗೂ ಉತ್ತರ ಹುಡುಕಬೇಡಿ, ಒಂದು ಚೀಟಿಯಲ್ಲಿ ಬರೆದು ಗುಂಡಿಗಳನ್ನು ಹಾಕಿಡುವ ಬಿಸ್ಕತ್ತಿನ ಡಬ್ಬಿಗೆ ಹಾಕಿ ಮಲಗಿ ಎಂದೆ. ಸಂಜೆ ಆರೂವರೆಯಿಂದ ಏಳರವರೆಗೆ ಅಂಗಡಿಯ ಬೆಂಚಿನ ಮೇಲೆ ಕೂತು ಚೀಟಿಗಳನ್ನು ತೆಗೆದು ಓದಬೇಕು, ಚಿಂತಿಸುವುದಿದ್ದರೆ ಆಗ ಮನಸಾರೆ ಚಿಂತಿಸಬೇಕು. ಮೊದಲ ವಾರ ಚೀಟಿ ಬರೆದೂ ನಿದ್ದೆ ಬರಲಿಲ್ಲ. ನಾಲ್ಕನೆಯ ವಾರ ಒಂದು ತಮಾಷೆ ಹೇಳಿದರು: ಅವರದೇ ಅಕ್ಷರದ ಚೀಟಿ, ‘ಝಿಪ್’ ಎಂದಷ್ಟೇ ಇದೆ, ಏನೆಂದು ಬರೆದದ್ದೋ ಅವರಿಗೇ ಹೊಳೆಯಲಿಲ್ಲವಂತೆ.

ಐದು ತಿಂಗಳಲ್ಲಿ ಹನ್ನೊಂದು ಭೇಟಿ. ಮನೋವೈದ್ಯರ ಮಾತ್ರೆಯೂ ಜೊತೆಗಿತ್ತು, ಅದರ ಪಾಲನ್ನು ನಾನು ಕಸಿದುಕೊಳ್ಳಲಾರೆ. ಪ್ರಶ್ನಾವಳಿಯ ಅಂಕ 6ಕ್ಕೆ ಇಳಿಯಿತು. ಮಗ ಪರೀಕ್ಷೆ-2ರಲ್ಲಿ ಪಾಸಾದ, ಕಾಲೇಜಿಗೆ ಮಾತ್ರ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಾನೆ. ಆ ಹಳೆಯ ಗಿರಾಕಿ ಇನ್ನೂ ಹಿಂತಿರುಗಿಲ್ಲ.

ಅಣ್ಣನ ಸಾಲಿನ ಮುಂದೆ ನಾವು ಏನನ್ನೂ ಬರೆಯಲಿಲ್ಲ. ಆಸ್ತಿ ಪಾಲಾದ ಮೇಲೆ ಆತ ತಮ್ಮನ ಮುಖ ನೋಡಿದವನಲ್ಲ. ಇವರು ಎರಡು ಸಲ ಬಾಗಿಲಿಗೆ ಹೋಗಿ ಬಂದದ್ದಾಗಿತ್ತು. ಮೂರನೆಯ ಸಲ ಹೋಗಿ ಎಂದು ನಾನು ಹೇಳಲಿಲ್ಲ, ಮರೆತುಬಿಡಿ ಎಂದೂ ಹೇಳಲಿಲ್ಲ.

ಕೊನೆಯ ಭೇಟಿಗೆ ಡಬ್ಬಿಯನ್ನೇ ತಂದಿದ್ದರು. ಚೀಟಿಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಒಂದೊಂದಾಗಿ ಓದಿ ಹರಿದು ಕಸದ ಬುಟ್ಟಿಗೆ ಹಾಕಿದರು. ಒಂದನ್ನು ಮಾತ್ರ ಓದಿ, ಮಡಿಸಿ, ಗುಂಡಿಗಳ ನಡುವೆ ವಾಪಸು ಇಟ್ಟು ಮುಚ್ಚಳ ಒತ್ತಿದರು. ಅದರಲ್ಲೇನಿದೆ ಎಂದು ನಾನು ಕೇಳಲಿಲ್ಲ.