ಮೂಡುಬಿದಿರೆಯ ಜೈನ ಮಠ ಮತ್ತು ಬಸದಿಗಳ ವಾಸ್ತುಶಿಲ್ಪ ನೋಡಲು ಮಳೆಗಾಲ ತಪ್ಪಿಸಿ ಡಿಸೆಂಬರಿನಲ್ಲಿ ಹೋದರೆ ಎರಡು ಗಂಟೆ ಸಾಕೇ?

ಮಳೆಗಾಲವನ್ನು ತಪ್ಪಿಸಬೇಕೆಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಅದೇ ಮಾತನ್ನು ನಂಬಿ ನಾನು ಒಂದು ವರ್ಷ ಕಳೆದುಕೊಂಡಿದ್ದೇನೆ.

ವಾಸ್ತುಶಿಲ್ಪದ ವಿದ್ಯಾರ್ಥಿಯಾಗಿದ್ದಾಗ ಒಂದು ಹಳೆಯ ಕಟ್ಟಡವನ್ನು ಅಳೆದು ನಕ್ಷೆ ಬಿಡಿಸುವ ಕೆಲಸಕ್ಕೆ ನಾನು ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಆರಿಸಿಕೊಂಡೆ. ಏಪ್ರಿಲಿನ ಬಿಸಿಲಿನಲ್ಲಿ ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಬಸ್ಸು ಹಿಡಿದು ನಾಲ್ಕು ದಿನ ಹೋಗಿ ಬಂದೆ. ಕಂಬಗಳ ಕೆತ್ತನೆಗೆ ಮರುಳಾಗಿ, ಒಂದರಂತೆ ಇನ್ನೊಂದಿಲ್ಲದ ಅವುಗಳ ಚಿತ್ರಗಳಿಂದಲೇ ಪುಸ್ತಕ ತುಂಬಿಸಿದೆ. ಮಾಡನ್ನು, ಅಂದರೆ ಇಳಿಜಾರು ಛಾವಣಿಯನ್ನು, ಮಾತ್ರ ಅಳೆಯಲಿಲ್ಲ. ಅದರ ಇಳಿಜಾರು ಎಷ್ಟು, ಅಂಚು ಕಟ್ಟೆಯಿಂದ ಎಷ್ಟು ಮುಂದಕ್ಕೆ ಚಾಚಿದೆ ಎಂಬುದನ್ನು ಅಂದಾಜಿನಲ್ಲಿ ಬರೆದೆ. ಬಿಸಿಲಿನಲ್ಲಿ ನಿಂತವನಿಗೆ ಆ ಅಂಚು ಅಲಂಕಾರದ ಗೆರೆಯಂತೆ ಕಂಡಿತ್ತು. ಹಾಗಾಗಿ ನನ್ನ ನಕ್ಷೆಯಲ್ಲಿ ಅದು ಕಟ್ಟೆಯ ಒಳಗೇ ನಿಂತುಬಿಟ್ಟಿತು. ನಕ್ಷೆ ನೋಡಿದ ಅಧ್ಯಾಪಕರು ಕೇಳಿದ್ದು ಒಂದೇ ಪ್ರಶ್ನೆ: "ಮಳೆ ನೀರು ಎಲ್ಲಿ ಬೀಳುತ್ತದೆ?" ನನ್ನ ಗೆರೆಯ ಪ್ರಕಾರ ಅದು ನೇರವಾಗಿ ಜಗಲಿಯ ಮೇಲೆ ಬೀಳುತ್ತಿತ್ತು. ನಾನು ಆ ವಿಷಯದಲ್ಲಿ ಅನುತ್ತೀರ್ಣನಾದೆ. ಜೊತೆಯವರು ಮುಂದಿನ ತರಗತಿಗೆ ಹೋದರು.

ಜುಲೈ-ಆಗಸ್ಟಿನಲ್ಲಿ ಬರುವ ತುಳುವರ ಆಟಿ ತಿಂಗಳಲ್ಲಿ ಮತ್ತೆ ಹೋದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. 1430ರಲ್ಲಿ ಚಂದ್ರನಾಥ ಸ್ವಾಮಿಗಾಗಿ ಈ ಬಸದಿಯನ್ನು ಕಟ್ಟಿದವರು ಅದನ್ನು ಬಲ್ಲವರಾಗಿದ್ದರು. ನಮ್ಮ ಮನೆಗಳ ಮಾಡಿನ ಇಳಿಜಾರನ್ನೇ ಅವರು ಕಲ್ಲಿನ ಚಪ್ಪಡಿಗಳಲ್ಲಿ ಕಟ್ಟಿದ್ದಾರೆ. ಕೆಳಗೆ ಕಲ್ಲು, ಮೇಲಕ್ಕೆ ಹೋದಂತೆ ಮರ. ಜೋರು ಮಳೆಯಲ್ಲಿ ನಾನು ಜಗಲಿಯಲ್ಲಿ ಕುಳಿತಿದ್ದೆ, ನೀರು ಪರದೆಯಂತೆ ಕಟ್ಟೆಯಾಚೆ ಅಂಗಳಕ್ಕೆ ಇಳಿಯುತ್ತಿತ್ತು, ನನ್ನ ಕಾಗದ ಒಣಗಿಯೇ ಇತ್ತು. ಏಪ್ರಿಲಿನಲ್ಲಿ ನಾನು ನೋಡಿದ್ದು ಕಂಬಗಳನ್ನು ಮಾತ್ರ, ಅವು ಯಾವುದನ್ನು ಹೊತ್ತಿವೆ ಎಂಬುದನ್ನಲ್ಲ ಎಂದು ಆಗ ತಿಳಿಯಿತು.

ಆದ್ದರಿಂದ ಜುಲೈ ಅಥವಾ ಆಗಸ್ಟಿನಲ್ಲಿ ಹೋಗಿ, ಒಂದು ಇಡೀ ದಿನ ಇಟ್ಟುಕೊಳ್ಳಿ. ಎರಡು ಗಂಟೆಯಲ್ಲಿ ಕಂಬ ಎಣಿಸಿ ಬರುವುದಾದರೆ ಅದನ್ನು ವಾಸ್ತುಶಿಲ್ಪ ನೋಡುವುದು ಎಂದು ನಾನು ಕರೆಯಲಾರೆ. ಊರಿನಲ್ಲಿ ಹದಿನೆಂಟು ಬಸದಿಗಳಿವೆ. ಎಲ್ಲವನ್ನೂ ಮುಗಿಸುವ ಹಟ ಬೇಡ. ಗುರು ಬಸದಿಗೆ ಮಾತ್ರ ತಪ್ಪದೆ ಹೋಗಿ. ಜೈನರ ಪ್ರಾಚೀನ ಸಿದ್ಧಾಂತ ಗ್ರಂಥಗಳಾದ ಧವಲಾ ಗ್ರಂಥಗಳ ತಾಳೆಗರಿಗಳು ಇಷ್ಟು ತೇವದ ನಾಡಿನಲ್ಲಿ ಶತಮಾನಗಳ ಕಾಲ ಉಳಿದದ್ದು ಅಲ್ಲಿ. ಅದನ್ನು ನೆನೆದುಕೊಂಡು ಮಳೆಯ ದಿನ ಆ ಕಟ್ಟಡವನ್ನು ಸುತ್ತಿ ನೋಡಿದರೆ ಮಾಡು, ಗೋಡೆ, ಬಾಗಿಲುಗಳ ಮೇಲೆ ಬೇರೆಯೇ ಗೌರವ ಹುಟ್ಟುತ್ತದೆ. ಪುರುಸೊತ್ತಿದ್ದರೆ ಊರಿನ ಪಕ್ಕದ ಕೊಡಂಗಲ್ಲಿನಲ್ಲಿರುವ ಅಂತಸ್ತು ಅಂತಸ್ತಾಗಿ ಕಟ್ಟಿದ ಸಮಾಧಿಗಳನ್ನೂ ನೋಡಿ, ಅಲ್ಲಿಯೂ ಇದೇ ಇಳಿಜಾರು ಕಾಣಸಿಗುತ್ತದೆ.

ಅಳತೆ ಅಥವಾ ಛಾಯಾಚಿತ್ರ ತೆಗೆಯುವುದಿದ್ದರೆ ಮೊದಲು ಮಠಕ್ಕೆ ಹೋಗಿ ಅನುಮತಿ ಕೇಳಿ. ಮಳೆ ಜೋರಾದಾಗ ವಾಹನಕ್ಕೆ ಓಡದೆ, ಜಗಲಿಯ ಒಂದು ಮೂಲೆಯಲ್ಲಿ ಕುಳಿತು ಎರಡು ಮಾಡುಗಳ ನೀರು ಸೇರಿ ಇಳಿಯುವ ಜಾಗವನ್ನು ನೋಡಿ.