ಬಯಲಲ್ಲಿ ಒಬ್ಬರೇ ಡ್ರಮ್ಮರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ಫ್ರೆಂಡ್ ಒತ್ತಾಯಕ್ಕೆ ಒಂದು ಜಾಝ್ ಡ್ರಮ್ಸ್ ಸೋಲೋಗೆ ಹೋಗಿದ್ದೆ. ಮರದ ಕೆಳಗೆ ಒಂದು ಡ್ರಮ್ ಸೆಟ್, ಸುತ್ತ ಒಂದಷ್ಟು ಕುರ್ಚಿ, ಅಷ್ಟೇ. ಪಿಯಾನೋ, ಸ್ಯಾಕ್ಸೋಫೋನ್ ಏನೂ ಇಲ್ದೆ ಒಂದು ಗಂಟೆ ಒಬ್ಬರೇ ನುಡಿಸಿದ್ರು. ಶುರುನಲ್ಲಿ ಚೆನ್ನಾಗಿತ್ತು, ಆಮೇಲೆ ಎಲ್ಲಿದೀನಿ ಅಂತಾನೇ ತಿಳೀಲಿಲ್ಲ. ಟ್ಯೂನೇ ಇಲ್ದೆ ಏನನ್ನ ಹಿಡ್ಕೊಂಡು ಕೇಳೋದು?

ಉತ್ತರ: ಕಾಲಿಂದ ಶುರು ಮಾಡಿ. ಎಲ್ರ ಕಣ್ಣೂ ಕೈ ಮೇಲೇ ಇರತ್ತೆ, ಸ್ಟಿಕ್ ಎಷ್ಟು ಸ್ಪೀಡಾಗಿ ಓಡ್ತಿದೆ ಅಂತ, ಆದ್ರೆ ಗಟ್ಟಿ ನೆಲ ಸಿಗೋದು ಕೆಳಗಡೆ, ಸಾಮಾನ್ಯವಾಗಿ ಬಲಗಾಲಲ್ಲಿ ಬೇಸ್ ಡ್ರಮ್ಮು, ಎಡಗಾಲಲ್ಲಿ ಹೈಹ್ಯಾಟ್, ಅಂದ್ರೆ ಪೆಡಲ್ ತುಳಿದ್ರೆ ಒಂದಕ್ಕೊಂದು ಬಡಿಯೋ ಜೋಡಿ ತಟ್ಟೆ. ಅಮೆರಿಕದ ಜಾಝ್ ಡ್ರಮ್ಮರ್ ಮ್ಯಾಕ್ಸ್ ರೋಚ್ ಅವರ 1966ರ 'ಡ್ರಮ್ಸ್ ಅನ್‌ಲಿಮಿಟೆಡ್' ಆಲ್ಬಮ್ಮಲ್ಲಿ 'ದ ಡ್ರಮ್ ಆಲ್ಸೋ ವಾಲ್ಟ್ಸಸ್' ಅಂತ ಒಂದಿದೆ, ಬರೀ ಡ್ರಮ್ಸು, ಅದನ್ನ ಒಮ್ಮೆ ಕೇಳಿ ನೋಡಿ. ಕಾಲುಗಳೆರಡೂ ಮೂರರ ಎಣಿಕೆಯ ಪ್ಯಾಟರ್ನ್ ಹಿಡ್ಕೊಂಡು ಹೋಗ್ತಾ ಇರತ್ತೆ, ಕೈ ಅದರ ಮೇಲೆ ಒಂದು ಸಾಲು ಹೇಳತ್ತೆ, ನಿಲ್ಲತ್ತೆ, ತನಗೆ ತಾನೇ ಉತ್ತರ ಕೊಡತ್ತೆ. ಆ ನಿಲ್ಲೋದಿದೆಯಲ್ಲ, ನನಗೆ ಎಲ್ಲಕ್ಕಿಂತ ಇಷ್ಟ ಅದೇ. ಸದ್ದು ಮಾಡೋಕೆ ಧೈರ್ಯ ಬೇಕಿಲ್ಲ, ಜನ ಅಷ್ಟು ಹತ್ರ ಕೂತಿರುವಾಗ ಕೈ ಎತ್ತಿ ಸುಮ್ನಿರೋಕೆ ಬೇಕು.

ಟ್ಯೂನ್ ಇಲ್ಲ ಅಂದ್ರಲ್ಲ, ಎಷ್ಟೋ ಸಲ ಇರತ್ತೆ, ನಮಗೆ ಕೇಳ್ಸೋ ಥರ ಇರಲ್ಲ ಅಷ್ಟೆ. ಜಾಝಿನ ಹಳೇ ಹಾಡುಗಳಲ್ಲಿ ತುಂಬಾನೇ 32 ಬಾರ್‌ನವು, ಬಾರ್ ಅಂದ್ರೆ ತಾಳದ ಒಂದು ಸುತ್ತು, ಸಾಮಾನ್ಯವಾಗಿ ನಾಲ್ಕು ಎಣಿಕೆ, ಎಂಟೆಂಟರ ನಾಲ್ಕು ಭಾಗ, ಮೊದಲ ಎಂಟು, ಅದೇ ಇನ್ನೊಮ್ಮೆ, ಮೂರನೇ ಎಂಟು ಬೇರೆ ದಾರಿ, ಆಮೇಲೆ ವಾಪಸ್ ಮೊದಲಿಂದೇ. ಬ್ಲೂಸ್ ಅನ್ನೋ ಹಾಡಿನ ಬಗೆ ಆದ್ರೆ ಸಾಮಾನ್ಯವಾಗಿ 12 ಬಾರಿನ ಆವರ್ತ. ಒಳ್ಳೇ ಡ್ರಮ್ಮರ್ ಅದನ್ನ ಮನಸ್ಸಲ್ಲೇ ಗುನುಗ್ತಾ ನುಡಿಸ್ತಾರೆ, ಮೂರನೇ ಎಂಟಕ್ಕೆ ಬಂದಾಗ ಕೆಳಗೆ ತಂತಿ ಇರೋ ಸ್ನೇರ್ ಡ್ರಮ್ ಬಿಟ್ಟು, ತಂತಿ ಇಲ್ಲದ, ದುಂಡನೆ ಸದ್ದಿನ ಟಾಮ್‌ಗಳಿಗೆ ಇಳೀಬಹುದು, ಇಲ್ಲಾ ಸಿಂಬಲ್ (ಲೋಹದ ತಟ್ಟೆ) ಬದಲಾಯಿಸಬಹುದು. ಬಣ್ಣ ಬದಲಾಯ್ತು ಅಂತ ನಿಮಗೆ ಅನ್ನಿಸಿದ್ರೆ ಸಾಕು, ಎಣಿಸ್ಲೇಬೇಕು ಅಂತೇನಿಲ್ಲ.

ಎಲ್ರೂ ಹೀಗೆ ನುಡಿಸಲ್ಲ. ಅಮೆರಿಕದ ಡ್ರಮ್ಮರ್ ಮಿಲ್ಫರ್ಡ್ ಗ್ರೇವ್ಸ್ (1941-2021) ಥರದವರು ಬಾರ್ ಲೆಕ್ಕಾನೇ ಬಿಟ್ಟವರು, ಗ್ರೇವ್ಸ್ ಅಂತೂ ಮನುಷ್ಯರ ಎದೆಬಡಿತ ರೆಕಾರ್ಡ್ ಮಾಡಿ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಅಂಥವರನ್ನ ಕೇಳುವಾಗ ಲೆಕ್ಕ ಹುಡುಕೋಕೆ ಹೋಗ್ಬೇಡಿ, ಸದ್ದು ಎಲ್ಲಿ ದಟ್ಟ ಆಗತ್ತೆ, ಎಲ್ಲಿ ತೆಳು ಆಗತ್ತೆ ಅನ್ನೋದರ ಜೊತೆ ಹೋಗಿ.

ಪ್ರಶ್ನೆ: ರೆಕಾರ್ಡಿಂಗಲ್ಲಿ ಕೇಳಿದ ಗುಂಯ್ ಅನ್ನೋ ತುಂಬು ಸೌಂಡ್ ಬಯಲಲ್ಲಿ ಇರಲೇ ಇಲ್ಲ. ಡ್ರಮ್ಸ್ ಚೆನ್ನಾಗಿರಲಿಲ್ವಾ?

ಉತ್ತರ: ಡ್ರಮ್ಸ್‌ದು ತಪ್ಪಲ್ಲ. ರೂಮಲ್ಲಿ ಗೋಡೆ, ಛಾವಣಿಗೆ ಬಡಿದು ವಾಪಸ್ ಬರೋ ಸದ್ದೂ ಸೇರಿ ನಮಗೆ ತುಂಬು ಅನ್ಸತ್ತೆ. ಬಯಲಲ್ಲಿ ಹೋದ ಸದ್ದು ಹೋಯ್ತು, ವಾಪಸ್ ಬರಲ್ಲ, ಬೇಸ್ ಡ್ರಮ್ಮಂತೂ ಬಡವಾಗಿಬಿಡತ್ತೆ. ದೂರ ಎರಡು ಪಟ್ಟಾದ್ರೆ ಸದ್ದು ಸುಮಾರು 6 ಡೆಸಿಬೆಲ್ (ಸದ್ದಿನ ಅಳತೆ) ಇಳಿಯತ್ತೆ, ಹಾಗಾಗಿ ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ನಿಜವಾಗ್ಲೂ ಬೇರೆ ಬೇರೆ ಕಛೇರಿ. ಮುಂದೆ ಕೂರಿ. ಸ್ಟಿಕ್ ಬದಲು ಹಿಡಿಯೋ ಬ್ರಷ್‌ನ ತಂತಿ ಸ್ನೇರ್ ಮೇಲೆ ಸವರೋ ಸದ್ದು, ಟಾಮ್ ಬಾರಿಸಿದಾಗ ಸ್ನೇರ್ ಕೆಳಗಿನ ತಂತಿ ತಾನಾಗೇ ಜುಂ ಅನ್ನೋದು, ಇವೆಲ್ಲ ಹತ್ರ ಕೂತವರಿಗಷ್ಟೇ ಸಿಗೋದು. ಅದೇ ಕಾರಣಕ್ಕೆ ಇಂಥ ಚಿಕ್ಕ ಜಾಗಕ್ಕೆ ಮೈಕ್ ಹಾಕಬಾರದು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ಪ್ರಶ್ನೆ: ಮಧ್ಯದಲ್ಲಿ ಡ್ರಮ್ಮರ್ ಎದ್ದು ಬಂದು ನೆಲ, ಕುರ್ಚಿ ಎಲ್ಲದರ ಮೇಲೂ ಬಾರಿಸಿದ್ರೆ ಅದು ಸಂಗೀತಾನಾ, ಸರ್ಕಸ್ಸಾ?

ಉತ್ತರ: ಸಂಗೀತಾನೇ ಆಗಬಹುದು. 1942ರಲ್ಲಿ ಹುಟ್ಟಿದ ಡಚ್ ಡ್ರಮ್ಮರ್ ಹಾನ್ ಬೆನ್ನಿಂಕ್ ನೆಲ, ಕುರ್ಚಿ, ಕೈಗೆ ಸಿಕ್ಕಿದ್ದನ್ನೆಲ್ಲ ನುಡಿಸಿ ಹೆಸರಾದವರು. ಅದಕ್ಕೂ ಮುಂಚೆ, 1946ರಲ್ಲೇ ಡ್ರಮ್ ಸೋಲೋಗಳನ್ನ ರೆಕಾರ್ಡ್ ಮಾಡಿದ ಅಮೆರಿಕದ ಡ್ರಮ್ಮರ್ ಬೇಬಿ ಡಾಡ್ಸ್ ಡ್ರಮ್ಮಿನ ಅಂಚು, ಮರದ ಬ್ಲಾಕು, ಕೌಬೆಲ್ (ದನದ ಗಂಟೆ) ಎಲ್ಲಾನೂ ಬಳಸ್ತಿದ್ರು. ನಾನು ನೋಡೋದು ಒಂದೇ, ಸೆಟ್ ಮೇಲೆ ಶುರುವಾದ ಮಾತು ನೆಲದ ಮೇಲೂ ಮುಂದುವರೀತಾ, ಇಲ್ಲಾ ಜನ ನಗ್ಲಿ ಅಂತ ಅಲ್ಲೇ ಕಡಿದು ಹೋಯ್ತಾ.

ಪ್ರಶ್ನೆ: ಮಧ್ಯೆ ಚಪ್ಪಾಳೆ ತಟ್ಟಬಹುದಾ?

ಉತ್ತರ: ಬ್ಯಾಂಡ್ ಇದ್ದಾಗ ಸೋಲೋ ಮುಗಿದ ತಕ್ಷಣ ತಟ್ತಾರೆ. ಒಬ್ಬರೇ ನುಡಿಸುವಾಗ ಸಿಂಬಲ್ ಸದ್ದು ಪೂರ್ತಿ ಸಾಯೋವರೆಗೂ ಕಾಯಿರಿ, ಅದೂ ಅವರು ನುಡಿಸಿದ್ದೇ.

ಪ್ರಶ್ನೆ: ನಾನೂ ಡ್ರಮ್ಸ್ ಕಲೀತಿದೀನಿ, ಇಂಥ ಜಾಗದಲ್ಲಿ ಹತ್ತು ನಿಮಿಷ ಒಬ್ಬನೇ ನುಡಿಸೋ ಆಸೆ. ಏನು ತಯಾರಿ ಬೇಕು?

ಉತ್ತರ: ಚಿಕ್ಕ ಸೆಟ್ ಸಾಕು, 18 ಇಂಚಿನ ಬೇಸ್ ಡ್ರಮ್, 12 ಮತ್ತು 14ರ ಟಾಮ್, ಸ್ನೇರ್, ಲಯ ಹಿಡಿಯೋಕೆ ಒಂದು ಒಳ್ಳೇ ರೈಡ್ ಸಿಂಬಲ್, ಹೈಹ್ಯಾಟ್. ಹುಲ್ಲಿನ ಮೇಲೆ ಹಾಗೇ ಇಡಬೇಡಿ, ಸ್ಟ್ಯಾಂಡ್ ಅಲುಗತ್ತೆ, ಕೆಳಗೆ ಹಲಗೆ, ಅದರ ಮೇಲೆ ಕಾರ್ಪೆಟ್ ಹಾಕಿ. ಬಿಸಿಲಿಂದ ಸಂಜೆ ತಂಪಿಗೆ ಬರುವಾಗ ಪಿಚ್ ಸ್ವಲ್ಪ ಜಾರತ್ತೆ, ಡ್ರಮ್ ಬಿಗಿ ಮಾಡೋ ಡ್ರಮ್ ಕೀ ಜೇಬಲ್ಲಿರಲಿ. ಸ್ಟಿಕ್ ಜೊತೆ ಬ್ರಷ್, ತುದಿಗೆ ಮೆತ್ತನೆ ಉಂಡೆ ಇರೋ ಮ್ಯಾಲೆಟ್ ಎರಡೂ ತಗೊಂಡು ಹೋಗಿ. ನುಡಿಸೋಕೆ ಒಂದು ಹಾಡು ಆರಿಸ್ಕೊಂಡು ಬಾಯಲ್ಲಿ ಹಾಡ್ತಾ ಪ್ರಾಕ್ಟೀಸ್ ಮಾಡಿ, ಮೊದಲು ಬರೀ ಬ್ರಷ್ಷಲ್ಲಿ, ತುಂಬಾ ಮೆತ್ತಗೆ. ಮೆತ್ತಗೆ ನುಡಿಸುವಾಗ ಸ್ಪೀಡ್ ತಾನಾಗೇ ಕಮ್ಮಿ ಆಗತ್ತೆ, ಎಲ್ರಿಗೂ ಆಗೋದೇ, ಅದನ್ನ ಟಿಕ್ ಟಿಕ್ ಅಂತ ಲಯ ಹೇಳೋ ಮೆಟ್ರೋನೋಮ್ ಇಟ್ಕೊಂಡು ಸರಿ ಮಾಡ್ಕೊಳ್ಳಿ. ಜೋರಾಗಿ ನುಡಿಸೋದನ್ನ ಕೊನೇ ವಾರಕ್ಕೆ ಬಿಟ್ರೂ ನಡೆಯತ್ತೆ.